ಕಡಲಿನೊಳಗೆ ಕ್ಯಾಮೆರಾ ಕೊನೆಗೆ ಇಳಿಯಲಿ

ಮುಂಬಯಿಯ ನಮ್ಮ ಸರ್ಕಾರಿ ವಸತಿಗೃಹದ ಹಜಾರದಲ್ಲಿ ಕೆಲವು ವರ್ಷ ಒಂದು ಛಾಯಾಚಿತ್ರ ತೂಗುತ್ತಿತ್ತು. ಹೂವಿನಂತೆ ಬಿರಿದ ಸೀ ಅನಿಮೋನಿನ ಎಳೆಗಳ ನಡುವಿನಿಂದ ಕಿತ್ತಳೆ ಬಣ್ಣದ ಪುಟ್ಟ ಕ್ಲೌನ್ ಮೀನೊಂದು ಇಣುಕುವ ಚಿತ್ರ. 2019ರಲ್ಲಿ ಎಲ್‌ಟಿಸಿ ಪಡೆದು ಅಂಡಮಾನಿಗೆ ಹೋಗಿದ್ದಾಗ, ಹ್ಯಾವ್‌ಲಾಕ್ ದ್ವೀಪದ ಬಳಿ ಸುಮಾರು ಹತ್ತು ಮೀಟರ್ ಆಳದಲ್ಲಿ ನಾನು ತೆಗೆದದ್ದು. ಸಂಘದ ರಾಜ್ಯೋತ್ಸವದಲ್ಲಿ ಸದಸ್ಯರ ಚಿತ್ರಗಳ ಪ್ರದರ್ಶನ ನಡೆದಾಗ ಅದರ ಮುಂದೆ ಬಹಳ ಮಂದಿ ನಿಂತರು. ಎಷ್ಟು ಆಳ, ಯಾವ ಕ್ಯಾಮೆರಾ, ಭಯವಾಗಲಿಲ್ಲವೇ ಎಂದು ವಿಚಾರಿಸಿದರು. ಚಿತ್ರ ತೆಗೆಯುವಾಗ ನನ್ನ ಮೊಣಕಾಲು ಎಲ್ಲಿತ್ತೆಂದು ಯಾರೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ.

ಅದು ಹವಳದ ಮೇಲಿತ್ತು. ನಾನು ಆಗಷ್ಟೇ ಸ್ಕೂಬಾದ ಆರಂಭಿಕ ತರಬೇತಿಯನ್ನು ಮುಗಿಸಿದ್ದೆ. ಅದು ನನ್ನ ಏಳನೆಯ ಮುಳುಗು. ಬಾಡಿಗೆಗೆ ಪಡೆದ ಕ್ಯಾಮೆರಾ ಎರಡೂ ಕೈಗಳಲ್ಲಿತ್ತು. ಮೀನು ಒಳಹೊರಗೆ ಆಡುತ್ತಿತ್ತು, ನಾನು ಒಂದೆಡೆ ನಿಲ್ಲಲಾರದೆ ಮೇಲೆ ಕೆಳಗೆ ತೂಗಾಡುತ್ತಿದ್ದೆ. ಕೊನೆಗೆ ಪಕ್ಕದ ಕೊಂಬೆಹವಳದ ಪೊದೆಗೆ ಮೊಣಕಾಲೂರಿ ನಿಂತೆ. ಮಾರ್ಗದರ್ಶಕ ತನ್ನ ಸಿಲಿಂಡರನ್ನು ಟಣಟಣ ಬಡಿದದ್ದು ಕೇಳಿಸಿತು. ಇನ್ನೇನನ್ನೋ ತೋರಿಸಲು ಕರೆಯುತ್ತಿದ್ದಾನೆಂದು ಬಗೆದು ಮತ್ತೆರಡು ಚಿತ್ರ ತೆಗೆದೆ. ತಿರುಗಿ ನೋಡಿದಾಗ ಅಂಗೈಯುದ್ದದ ಎರಡು ಕೊಂಬೆಗಳು ಮುರಿದು ಮರಳಿನ ಮೇಲೆ ಬಿದ್ದಿದ್ದವು. ದೋಣಿಗೆ ಮರಳಿದ ಮೇಲೆ ಆತ ನನ್ನನ್ನು ಗದರಲಿಲ್ಲ, ಮಾತನ್ನೂ ಆಡಲಿಲ್ಲ.

ಹವಳವೆಂದರೆ ಕಲ್ಲಿನಂತೆ ಕಾಣುವ ಪ್ರಾಣಿಸಮೂಹ. ಕೊಂಬೆಕೊಂಬೆಯಾಗಿ ಬೆಳೆಯುವ ಜಾತಿಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್ ಬೆಳೆದಾವು; ಬಂಡೆಯಂತೆ ಉಬ್ಬುವ ಜಾತಿಗಳು ಒಂದು ಸೆಂಟಿಮೀಟರಿನ ಆಸುಪಾಸಿನಲ್ಲೇ ಉಳಿಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ, ಅಂದರೆ ಹುಲಿಯಿರುವ ಪಟ್ಟಿಗೆ, ದಿಬ್ಬ ಕಟ್ಟುವ ಹವಳಗಳು 2001ರಲ್ಲಿ ಸೇರಿದವು. ನಿಯಮ ಎಲ್ಲಿ ತಪ್ಪಿದೆ ಎಂದು ಕಡತಗಳಲ್ಲಿ ಗುರುತು ಹಾಕಿ ಸಂಬಳ ಪಡೆಯುವವನು ನಾನು. ಮನೆಯ ಗೋಡೆಯ ಮೇಲಿನ ಕಡತವನ್ನು ಮಾತ್ರ ಬಹುಕಾಲ ತೆರೆಯಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ನೀರಿನೊಳಗೆ ದೇಹವನ್ನು ನಿಶ್ಚಲವಾಗಿ ನಿಲ್ಲಿಸಲು ಬಾರದವನ ಕೈಗೆ ಅಲ್ಲಿ ಕ್ಯಾಮೆರಾ ಕೊಡಬಾರದು. ಇದು ಶಿಷ್ಟಾಚಾರದ ಮಾತೆಂದು ಯಾರಾದರೂ ತಿಳಿದರೆ, ಆ ಕಲೆಯ ಕ್ರಮವನ್ನೇ ಸ್ವಲ್ಪ ವಿವರಿಸಬೇಕಾಗುತ್ತದೆ.

ಸ್ಕೂಬಾದ ಮೊದಲ ತರಬೇತಿ ಮೂರು ನಾಲ್ಕು ದಿನಗಳಲ್ಲಿ ಮುಗಿಯುತ್ತದೆ. 18 ಮೀಟರ್ ಆಳದವರೆಗೆ ಇಳಿಯುವ ಅರ್ಹತೆ ದೊರೆಯುತ್ತದೆ. ಮುಖವಾಡಕ್ಕೆ ನುಗ್ಗಿದ ನೀರನ್ನು ಹೊರಹಾಕುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು ಮರಳಿ ಹಿಡಿಯುವುದು ಮೊದಲಾದವು ಆ ಅವಧಿಯಲ್ಲಿ ಬಂದುಬಿಡುತ್ತವೆ. ಏಳದೆ ಮುಳುಗದೆ ನೀರಿನ ನಡುವೆ ತೂಗಿನಿಲ್ಲುವ ವಿದ್ಯೆ ಮಾತ್ರ ಅಷ್ಟು ಬೇಗ ಒಲಿಯುವುದಿಲ್ಲ. ಉಸಿರು ಎಳೆದುಕೊಂಡರೆ ದೇಹ ಮೆಲ್ಲನೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಈ ಗೇಣುದ್ದದ ಏರಿಳಿತವನ್ನು ಉಸಿರಿನಿಂದಲೇ ಆಳಲು ಹತ್ತಾರು ಮುಳುಗುಗಳ ಅಭ್ಯಾಸ ಬೇಕು. ನೆಲದ ಮೇಲಿನ ಛಾಯಾಗ್ರಾಹಕ ಕೈ ನಡುಗದಿರಲೆಂದು ಗುಂಡಿ ಒತ್ತುವಾಗ ಉಸಿರು ಬಿಗಿಹಿಡಿಯುತ್ತಾನೆ. ನೀರಿನೊಳಗೆ ಉಸಿರು ಬಿಗಿಹಿಡಿಯಬಾರದೆಂಬುದೇ ಮೊದಲ ಪಾಠ. ಹಾಗೆ ಹಿಡಿದು ಮೇಲೇರಿದರೆ ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯಬಹುದು. ಕ್ಯಾಮೆರಾ ಹಿಡಿದ ಹೊಸಬನಿಗೆ ಹಳೆಯ ಅಭ್ಯಾಸ ಮರುಕಳಿಸುತ್ತದೆ. ಅದರೊಡನೆ ಗಾಳಿಯ ಮಾಪಕ, ಆಳದ ಮಾಪಕ, ಜೊತೆಗಾರ ಎಲ್ಲವೂ ಮರೆತುಹೋಗುತ್ತವೆ.

ಇನ್ನೊಂದು ತೊಡಕು ಬೆಳಕಿನದು. ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಆಳದಲ್ಲೇ ಅದು ಮಂಕಾಗುತ್ತದೆ. ಇನ್ನೂ ಇಳಿದಂತೆ ಕಿತ್ತಳೆ, ಹಳದಿಗಳೂ ಕರಗಿ ಎಲ್ಲವೂ ನೀಲಿಯಾಗುತ್ತವೆ. ಬಣ್ಣ ಮರಳಿಸಲು ಸ್ಟ್ರೋಬ್ ದೀಪ ಬೇಕು. ಆದರೆ ದೂರದಿಂದ ಬೆಳಕು ಹಾಯಿಸಿದರೆ ನಡುವೆ ತೇಲುವ ಕಣಗಳೆಲ್ಲ ಹೊಳೆದು ಚಿತ್ರದಲ್ಲಿ ಹಿಮ ಸುರಿದಂತಾಗುತ್ತದೆ. ಹಾಗಾಗಿ ಹತ್ತಿರ ಹೋಗು, ಇನ್ನೂ ಹತ್ತಿರ ಹೋಗು ಎಂಬುದೇ ಈ ಕಲೆಯ ಮೂಲಸೂತ್ರ. ಒಳ್ಳೆಯ ಚಿತ್ರಗಳು ಬಹುಪಾಲು ಒಂದು ಮೀಟರಿಗಿಂತ ಕಡಿಮೆ ಅಂತರದಲ್ಲಿ ಹುಟ್ಟುತ್ತವೆ. ಅಂದರೆ ಮುಳುಗುವವರೆಲ್ಲರ ಪೈಕಿ ಹವಳಕ್ಕೆ ತೀರ ಸಮೀಪ ಹೋಗಬೇಕಾದವನು ಛಾಯಾಗ್ರಾಹಕ. ತನ್ನ ಕೈಕಾಲುಗಳ ಮೇಲೆ ತೀರ ಕಡಿಮೆ ಗಮನವಿರುವವನೂ ಅವನೇ. ಹಿಂದೆ ಚಾಚಿದ ಫಿನ್ ಯಾವುದಕ್ಕೆ ತಾಗಿತೆಂಬುದು ಅವನಿಗೆ ತಿಳಿಯುವುದೇ ಇಲ್ಲ.

ಹಿಂದಿನವರಿಗೆ ಕಷ್ಟವೇ ಕಾವಲಾಗಿತ್ತು. ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬುತಾಂ 1893ರಲ್ಲಿ ಭಾರವಾದ ಮುಳುಗುಡುಪು ತೊಟ್ಟು, ತನಗಾಗಿಯೇ ಮಾಡಿಸಿದ ಕ್ಯಾಮೆರಾದೊಂದಿಗೆ ಮೆಡಿಟರೇನಿಯನ್ ಕಡಲಿಗಿಳಿದ. 1926ರಲ್ಲಿ ಫ್ಲೋರಿಡಾದ ಬಳಿ ಲಾಂಗ್ಲಿ ಮತ್ತು ಮಾರ್ಟಿನ್ ಎಂಬವರು ನೀರಿನೊಳಗೆ ಬಣ್ಣದ ಚಿತ್ರ ತೆಗೆಯಲು ನೀರ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸಬೇಕಾಯಿತು. ಇಂದು ಮುಷ್ಟಿಯಲ್ಲಿ ಹಿಡಿಯುವ ಆ್ಯಕ್ಷನ್ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತದೆ. ಕಷ್ಟ ಹೋದದ್ದು ಒಳ್ಳೆಯದೇ. ಅದರ ಜಾಗದಲ್ಲಿ ಬೇರೊಂದು ಕಾವಲನ್ನು ನಾವು ಇಟ್ಟಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ಚಿತ್ರಗಳೇ ಇಲ್ಲದಿದ್ದರೆ ಕಡಲೊಳಗಿನ ಲೋಕ ನೆಲದವರಿಗೆ ತಿಳಿಯುವುದು ಹೇಗೆ, ತಿಳಿಯದ್ದನ್ನು ಅವರು ಉಳಿಸಲು ಬಯಸುವುದು ಹೇಗೆ? ಈ ಮಾತನ್ನು ನಾನು ತಳ್ಳಿಹಾಕಲಾರೆ. ನನ್ನ ತಾಯಿ ಮುರುಡೇಶ್ವರದ ಕಡೆಯವರು. ತಿಳಿಯಾದ ದಿನಗಳಲ್ಲಿ ದಿಗಂತದಲ್ಲಿ ಕಾಣುವ ನೇತ್ರಾಣಿ ಗುಡ್ಡವನ್ನು ಎಪ್ಪತ್ತು ವರ್ಷ ನೋಡಿದ್ದಾರೆ. ಅದರ ಬುಡದಲ್ಲಿ ಹವಳವಿದೆ ಎಂದು ಅವರಿಗೆ ಗೊತ್ತಾದದ್ದು ಛಾಯಾಚಿತ್ರಗಳಿಂದಲೇ. ಆದರೆ ಆ ಕೆಲಸಕ್ಕೆ ನುರಿತವರ ನೂರು ಚಿತ್ರಗಳು ಸಾಕು. ಏಳನೆಯ ಮುಳುಗಿನವನ ಚಿತ್ರದಿಂದ ಹವಳಕ್ಕೆ ಉಪಕಾರವಾಯಿತೆಂದು ನನ್ನ ವಿಷಯದಲ್ಲಂತೂ ಹೇಳಲಾರೆ. ಒಮ್ಮೆ ಮಾತ್ರ ಇಳಿಯುವ ಪ್ರವಾಸಿಗೂ ನೆನಪಿಗೊಂದು ಚಿತ್ರ ಬೇಕೆಂಬುದು ನ್ಯಾಯವೇ. ಅದನ್ನು ಜೊತೆಗಿರುವ ಮಾರ್ಗದರ್ಶಕ ತೆಗೆದುಕೊಡಲಿ.

ಉಳಿದವರಿಗೆ ನನ್ನ ಸಲಹೆ ಸರಳ. ಕನಿಷ್ಠ ಮೂವತ್ತು ಮುಳುಗುಗಳವರೆಗೆ ಬರಿಗೈಯಲ್ಲಿ ಇಳಿಯೋಣ. ಕ್ಯಾಮೆರಾ ಬಾಡಿಗೆ ಕೊಡುವವರು ಮುಂಗಡ ಹಣ ಕೇಳುವಂತೆಯೇ ಲಾಗ್‌ಬುಕ್ಕನ್ನೂ ಕೇಳಲಿ. ಪ್ರದರ್ಶನ ಏರ್ಪಡಿಸುವ ನಮ್ಮಂಥ ಸಂಘಗಳು ಚಿತ್ರದ ಕೆಳಗೆ ಸ್ಥಳ, ಆಳಗಳ ಜೊತೆಗೆ, ಯಾವುದನ್ನೂ ಮುಟ್ಟದೆ, ಯಾವ ಜೀವಿಯನ್ನೂ ಕದಲಿಸದೆ ತೆಗೆದದ್ದೆಂಬ ಒಂದು ಸಾಲಿನ ಹೇಳಿಕೆಯನ್ನೂ ಕೇಳಲಿ. ಸುಳ್ಳು ಬರೆಯುವವರು ಇರಬಹುದು. ಬರೆಯುವಾಗ ಕೈ ತಡೆಯುವವರೂ ಇರುತ್ತಾರೆ. ಆ ಸಾಲು ಅಂದು ಇದ್ದಿದ್ದರೆ ನನ್ನ ಚಿತ್ರ ಅಲ್ಲಿ ತೂಗುತ್ತಿರಲಿಲ್ಲ.

ಕಳೆದ ಜನವರಿಯಲ್ಲಿ ನೇತ್ರಾಣಿಯಲ್ಲಿ ಕ್ಯಾಮೆರಾ ಇಲ್ಲದೆ ಇಳಿದೆ. ಗಿಳಿಮೀನು ಹವಳವನ್ನು ಕಡಿಯುವ ಕರಕರ ಸದ್ದನ್ನು ಮೊದಲ ಬಾರಿಗೆ ಕೇಳಿಸಿಕೊಂಡೆ. ಊರಿಗೆ ಹೋದಾಗ ತಾಯಿ ಚಿತ್ರ ಕೇಳಿದರು. ಈ ಸಲ ತೆಗೆದಿಲ್ಲವೆಂದು ಹೇಳಿ ಆ ಸದ್ದಿನ ವಿಷಯ ವರ್ಣಿಸಿದೆ. ಹಳೆಯ ಚಿತ್ರದ ಕಥೆಯನ್ನೂ ಅಂದೇ ಹೇಳಿದೆ. ಮುಂಬಯಿಗೆ ಬಂದು ಅದನ್ನು ಗೋಡೆಯಿಂದ ಇಳಿಸಿದೆ. ನನ್ನ ಲಾಗ್‌ಬುಕ್ಕಿನಲ್ಲಿ ಈಗ 22 ಮುಳುಗುಗಳಿವೆ. ಇನ್ನೂ ಎಂಟು ಆಗಬೇಕು.