ಹೆಸರು ಅಪ್ಪನದು, ಸವಾರಿ ನಮ್ಮದು

ನಮ್ಮ ಹಾಸ್ಟೆಲಿನಲ್ಲಿ ಒಂದು ಬೈಕಿದೆ. ಓದೋ ಹುಡುಗನಿಗೆ ಯಾರು ಸಾಲ ಕೊಡ್ತಾರೆ? ಅದಕ್ಕೇ ಊರಲ್ಲಿದ್ದ ಅಪ್ಪನ ಹೆಬ್ಬೆಟ್ಟು ಒತ್ತಿಸಿ ಗೆಳೆಯನೊಬ್ಬ ತಂದ ಬೈಕು ಅದು. ಆರ್‌ಸಿಯಲ್ಲಿ ಅಪ್ಪನ ಹೆಸರು. ಅಪ್ಪ ಇಟ್ಟಿಗೆ ಗೂಡಿನ ಕೂಲಿ. ಆ ಬೈಕಿನ ಮೇಲೆ ಅವರು ಕೂತಿರುವುದೇ ಎರಡು ಸಲ, ಅದೂ ಹಿಂದೆ. ಆದರೆ ಇಲ್ಲಿ ಬೆಂಗಳೂರಿನಲ್ಲಿ ಅದಕ್ಕೆ ಹನ್ನೊಂದು ಜನ ಸವಾರರು. ಕೀಲಿ ಕೋಣೆಯ ಮೊಳೆಗೆ ನೇತಾಡುತ್ತಿತ್ತು. ಬೇಕಾದವನು ತಗೊಂಡು ಹೋಗೋದು, ಪೆಟ್ರೋಲು ಮುಗಿದರೆ ತಳ್ಳಿಕೊಂಡು ಬರೋದು. ಇದನ್ನೇ ನಾವು ಸಮಾಜವಾದ ಅಂತ ಕರೆದುಕೊಂಡು ಹೆಮ್ಮೆ ಪಡುತ್ತಿದ್ದೆವು.

ಒಂದು ದಿನ ಊರಿಗೆ ನಾಲ್ಕು ನೋಟೀಸು ಹೋದವು. ಹೆಲ್ಮೆಟ್ ಇಲ್ಲದ ಸವಾರಿ. ಒಂದೊಂದಕ್ಕೆ 500 ರೂಪಾಯಿ, ಒಟ್ಟು 2000. ಪೋಸ್ಟಿನವನು ಅದನ್ನು ಕೊಟ್ಟದ್ದು ಟೀ ಅಂಗಡಿಯ ಮುಂದೆ. ಓದಿ ಹೇಳಿದ್ದು ಊರ ಯಜಮಾನರ ಮಗ, ಎಲ್ಲರಿಗೂ ಕೇಳಿಸುವ ಹಾಗೆ. 'ಪೊಲೀಸು' ಎಂಬ ಮಾತು ಕಿವಿಗೆ ಬಿದ್ದ ಮೇಲೆ ಆ ಮನುಷ್ಯ ಉಳಿದದ್ದನ್ನು ಕೇಳಿಸಿಕೊಳ್ಳಲೇ ಇಲ್ಲ. ಕೇರಿಗೆ ಪೊಲೀಸು ಬರುವುದೆಂದರೆ ಏನು ಅಂತ ಕಂಡವರು ಅವರು. ಗೂಡಿನ ಮಾಲೀಕನ ಹತ್ತಿರ ಮುಂಗಡ ತಗೊಂಡು ಕಟ್ಟಿ ಬಂದರು. ಮಗನಿಗೆ ಬೈಯಲೂ ಇಲ್ಲ. ಮುಂದೆ ಹಾಸ್ಟೆಲಿಗೆ ಬಂದಾಗ ನಾನೇ ಕೇಳಿದೆ, ಓಡಿಸಿದ್ದು ನೀವಲ್ಲವಲ್ಲ ಅಪ್ಪ, ಯಾಕೆ ಕಟ್ಟಿದ್ರಿ ಅಂತ.

"ಯಾರ್ ಓಡ್ಸಿದ್ರೋ ಏನೋ ಕನಪ್ಪ, ಕಾಗ್ದದಲ್ಲಿ ಹೆಸ್ರು ನಂದದಲ್ಲ" ಅಂದರು.

ನೋಟೀಸಿನಲ್ಲಿ ಕ್ಯಾಮೆರಾ ತೆಗೆದ ಚಿತ್ರಗಳಿದ್ದವು. ಅವುಗಳಲ್ಲಿ ಎರಡರಲ್ಲಿ ಒಂದೇ ಗೆರೆಯಂಗಿ. ಆ ಅಂಗಿ ನನ್ನದು. ಹಾಸ್ಟೆಲಿನಲ್ಲಿ ಅಂಗಿಯೂ ಬೈಕಿನ ಹಾಗೇ ಕೈಯಿಂದ ಕೈಗೆ ತಿರುಗುತ್ತದೆ, ಅದಕ್ಕೇ ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಆ ಎರಡೂ ದಿನ ಅಂಗಿಯೊಳಗೆ ಇದ್ದವನು ನಾನೇ. ಅದನ್ನು ಬಾಯಿಬಿಡಲು ನನಗೆ ಮೂರು ವಾರ ಹಿಡಿಯಿತು. ಸಭೆಗಳಲ್ಲಿ ಶೋಷಣೆಯ ಮೇಲೆ ಪದ್ಯ ಓದುವವನಿಗೆ ಒಂದು ಸಾವಿರ ರೂಪಾಯಿಯ ನಿಜ ಹೇಳಲು ಮೂರು ವಾರ!

ಈ ಸಂಚಿಕೆಗೆ ಬರೆಯಬೇಕೆಂದಿದ್ದ ಸಂಪಾದಕೀಯವೇ ಬೇರೆ ಇತ್ತು. ಅದನ್ನು ಪಕ್ಕಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ. ಯಾಕೆಂದರೆ ನಾಚಿಕೆಯಿಂದ ಕಾಯ್ದೆ ಪುಸ್ತಕ ತೆಗೆದು ನೋಡಿದಾಗ ತಿಳಿದದ್ದು, ಆ ಅಪ್ಪ ಆ ದುಡ್ಡನ್ನು ಸುಮ್ಮನೆ ಕಟ್ಟಬೇಕಾಗಿರಲಿಲ್ಲ.

ಕ್ಯಾಮೆರಾಕ್ಕೆ ಮುಖದ ಗುರುತಿಲ್ಲ, ನಂಬರ್ ಪ್ಲೇಟಿನ ಗುರುತು ಮಾತ್ರ. ಪ್ಲೇಟು ಹಿಡಿದು ಹೋದರೆ ಆರ್‌ಸಿ ಸಿಗುತ್ತದೆ, ಆರ್‌ಸಿ ಹಿಡಿದು ಹೋದರೆ ವಿಳಾಸ. ಹಾಗಾಗಿ ನೋಟೀಸು ಹೋಗುವುದು ಮಾಲೀಕನಿಗೆ. ತಪ್ಪು ನಡೆದ 15 ದಿನದೊಳಗೆ ನೋಟೀಸು ಕಳಿಸಬೇಕೆಂದು 2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ನಿಯಮ ಹೇಳುತ್ತದೆ. ಆದರೆ ನೋಟೀಸು ಬಂತು ಅಂದರೆ ತೀರ್ಪು ಬಂತು ಅಂತಲ್ಲ, ಇದನ್ನು ಗಟ್ಟಿಯಾಗಿ ನೆನಪಿಡಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹೆಲ್ಮೆಟ್ ತಪ್ಪು ಓಡಿಸಿದವನದು, ಇಲ್ಲವೇ ಹಾಗೆ ಓಡಿಸಲು ಹೇಳಿದವನದು ಅಥವಾ ಬಿಟ್ಟವನದು. ದೂರದ ಗೂಡಿನಲ್ಲಿ ಮಣ್ಣು ಕಲಸುತ್ತಿದ್ದವರು ಯಾರಿಗೆ ಏನು ಹೇಳಿದ್ದರು, ಯಾರನ್ನು ಬಿಟ್ಟಿದ್ದರು?

ಅದೇ ಕಾಯ್ದೆಯ 133ನೇ ಕಲಂ ಓದಿ. ಗಾಡಿ ಓಡಿಸಿದವನ ಮೇಲೆ ಆರೋಪ ಬಂದಾಗ, ಅಧಿಕಾರವಿರುವ ಪೊಲೀಸರು ಕೇಳಿದರೆ ಅವನ ಹೆಸರು, ವಿಳಾಸ, ಲೈಸೆನ್ಸಿನ ವಿವರ ಕೊಡುವುದು ಮಾಲೀಕನ ಕರ್ತವ್ಯ. ಕರ್ತವ್ಯ ಅಂತ ಬರೆದಿದ್ದಾರೆ, ಆದರೆ ನಮ್ಮಂಥವರಿಗೆ ಅದರೊಳಗೆ ಒಂದು ಬಾಗಿಲೂ ಇದೆ. ಹೆಸರು ಹೇಳಲಿಕ್ಕೆ ಜಾಗ ಇದೆ ಅಂತಾಯಿತು. ದುಡ್ಡು ಕಟ್ಟುವುದು ಇದೇ ಕಾಯ್ದೆಯ 200ನೇ ಕಲಮಿನ ರಾಜಿ. ಕಟ್ಟಿಬಿಟ್ಟರೆ ಕೇಸು ಅಲ್ಲಿಗೆ ಮುಗಿಯಿತು, ಆಮೇಲೆ ಓಡಿಸಿದವನು ನಾನಲ್ಲ ಎಂದು ಕೂಗಿದರೆ ಕೇಳುವವರಿಲ್ಲ. ಆದ್ದರಿಂದ ಕಟ್ಟುವ ಮುಂಚೆ ಒಂದು ಕಾಗದ ಬರೆಯಿರಿ. ಗಾಡಿ ನಂಬರು, ನೋಟೀಸಿನ ನಂಬರು, ತಾರೀಕು, ಹೊತ್ತು, ಅಂದು ಓಡಿಸಿದವನ ಹೆಸರು, ವಿಳಾಸ, ಲೈಸೆನ್ಸ್ ನಂಬರು. ಮಾಲೀಕನ ಸಹಿ ಅಥವಾ ಹೆಬ್ಬೆಟ್ಟು, ಓಡಿಸಿದವನ ಸಹಿ. ಸಂಚಾರಿ ಠಾಣೆಯಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. "ಗಾಡಿ ಯಾರ ಹೆಸರಲ್ಲಿದೆಯೋ ಅವರೇ ಕಟ್ಟಿ ಹೋಗ್ರಿ" ಅಂತ ಗದರಿಸಿದರೆ ರಾಜಿಗೆ ಒಪ್ಪದೆ ಮ್ಯಾಜಿಸ್ಟ್ರೇಟರ ಮುಂದೆ ಹೇಳುವ ಹಕ್ಕು ಇದ್ದೇ ಇದೆ. ಕೋರ್ಟಿಗೆ ಅಲೆದರೆ ಒಂದು ದಿನದ ಕೂಲಿ ಹೋಗುತ್ತದೆ, ಅದು ನಿಜ. ಹಾಗಾಗಿ ಅಲೆಯಬೇಕಾದವನು ಅಪ್ಪನಲ್ಲ, ಓಡಿಸಿದವನು.

2023ರ ಫೆಬ್ರವರಿಯಲ್ಲಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟರು, 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮತ್ತೆ ಕೊಟ್ಟರು. ಆಷಾಢದ ಸೀರೆ ಅಂಗಡಿಯ ಹಾಗೆ ಜನ ಮುಗಿಬಿದ್ದರು. ಆ ನೂಕುನುಗ್ಗಲಲ್ಲಿ ಓಡಿಸಿದ್ದು ಯಾರು ಅಂತ ಯಾರು ಯಾರನ್ನು ಕೇಳಿಯಾರು!

ಇನ್ನು ನಮ್ಮ ಹುಡುಗರ ಸೆಕೆಂಡ್ ಹ್ಯಾಂಡ್ ವ್ಯಾಪಾರ. ದುಡ್ಡು ಕೊಟ್ಟು ಕೀಲಿ ಈಸಿಕೊಂಡರೆ ಗಾಡಿ ನಮ್ಮದಾಯಿತು ಅಂದುಕೊಳ್ಳುತ್ತೇವೆ. ಕಾಯ್ದೆಯ 50ನೇ ಕಲಂ ಪ್ರಕಾರ ಒಂದೇ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. 29 ಮತ್ತು 30ನೇ ನಮೂನೆಗಳು ಇರುವುದು ಅದಕ್ಕೇ. ತಿಳಿಸದಿದ್ದರೆ ದಂಡದ ಮಾತಿರಲಿ, ಅಪಘಾತದ ಪರಿಹಾರ ಕೂಡ ಹಳೆಯ ಮಾಲೀಕನ ತಲೆಗೇ ಬರುತ್ತದೆ. ಗಾಡಿ ಮೂರು ನಾಲ್ಕು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಹೆಸರಿದ್ದವನೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಊರಲ್ಲಿ ಪಿಯುಸಿ ಓದುವ ತಮ್ಮನ ಕೈಗೆ ಕೀಲಿ ಕೊಡುವವರೂ ಕೇಳಿ. 18 ತುಂಬದವನು ಓಡಿಸಿ ತಪ್ಪು ಮಾಡಿದರೆ 2019ರಲ್ಲಿ ಸೇರಿಸಿದ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅಲ್ಲಿ 'ನನಗೆ ಗೊತ್ತಿರಲಿಲ್ಲ' ಎಂದು ಸಾಬೀತು ಮಾಡಬೇಕಾದವರೂ ಅವರೇ.

ಇಲ್ಲಿಯವರೆಗೆ ಹೇಳಿದ್ದು ನಮ್ಮ ತಪ್ಪು. ಈಗ ಇನ್ನೊಂದು ಮಗ್ಗುಲು.

ಓಡಿಸಿದವನೇ ಕಟ್ಟಲಿ ಅನ್ನುವ ಮಾತನ್ನು ನಮಗಿಂತ ಮೊದಲೇ ಕಲಿತವರಿದ್ದಾರೆ. ಕ್ವಾರಿಯಿಂದ ಟಿಪ್ಪರಿಗೆ ಕಲ್ಲು ತುಂಬಿಸುವವನು ಮಾಲೀಕ, ಇಷ್ಟೇ ತುಂಬು ಇಷ್ಟು ಸಲ ಹೊಡೆ ಅನ್ನುವವನೂ ಅವನೇ. ಹಿಡಿದಾಗ ಮಾತ್ರ "ಸ್ಟೇರಿಂಗ್ ಹಿಡಿದವನು ನೀನು ಕಣೋ" ಅಂತ ಡ್ರೈವರನ ಸಂಬಳದಲ್ಲಿ ಮುರಿದುಕೊಳ್ಳುತ್ತಾನೆ. ಆ ಸ್ಟೇರಿಂಗ್ ಹಿಡಿದವನೂ ಪಕ್ಕದ ಕ್ಲೀನರ್ ಹುಡುಗನೂ ಎಷ್ಟೋ ಕಡೆ ನಮ್ಮ ಕೇರಿಯವರೇ, ಹಾಸ್ಟೆಲಿನಲ್ಲಿ ಸೀಟು ಸಿಗದೆ ಹೋದ ನಮ್ಮ ಅಣ್ಣಂದಿರೇ. ಕಾಯ್ದೆ ಹೀಗೆ ಹೇಳುವುದಿಲ್ಲ. ಹೆಚ್ಚು ಭಾರ ಹೇರಿದರೆ 20,000 ರೂಪಾಯಿ, ಮೇಲೆ ಹೆಚ್ಚಾದ ಒಂದೊಂದು ಟನ್ನಿಗೆ 2000. ಓಡಿಸಿದವನ ಹೆಸರಿನ ಜೊತೆಗೇ 194ನೇ ಕಲಂ 'ಓಡಿಸಲು ಹಚ್ಚಿದವನು, ಓಡಿಸಲು ಬಿಟ್ಟವನು' ಎಂದೂ ಸೇರಿಸುತ್ತದೆ. ವೇಗದ 183ನೇ ಕಲಮಿನಲ್ಲೂ ತನ್ನ ಕೈಕೆಳಗಿನ ಕೆಲಸಗಾರನಿಂದ ಮಿತಿ ಮೀರಿ ಓಡಿಸಿದವನು ಇದ್ದಾನೆ. ಊಟದ ಪೊಟ್ಟಣ ಹೊತ್ತು ನಿಮಿಷ ಎಣಿಸಿಕೊಂಡು ಹಾರುವ ಹುಡುಗರ ಹಿಂದೆ ಆ ನಿಮಿಷ ಗೊತ್ತು ಮಾಡಿದವನು ಒಬ್ಬ ಇರುತ್ತಾನಲ್ಲ, ಅವನ ಚಿತ್ರ ಯಾವ ಕ್ಯಾಮೆರಾದಲ್ಲೂ ಬೀಳುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಸಂಬಳದಿಂದ ಯಾವ ಯಾವ ಕಾರಣಕ್ಕೆ ಮುರಿಯಬಹುದು ಎಂಬ ಪಟ್ಟಿಯಿದೆ, ಅದರಾಚೆಗೆ ಮುರಿಯುವಂತಿಲ್ಲ. ಪಟ್ಟಿಯೊಳಗಿನದಾದರೂ ಒಟ್ಟು ಅರ್ಧ ಸಂಬಳ ಮೀರುವಂತಿಲ್ಲ. ಡ್ರೈವರ್ ಅಣ್ಣಂದಿರಿಗೆ ಇದನ್ನು ಓದಿ ಹೇಳಿ.

ಹೆಸರು ಹೇಳುವ ಈ ಬಾಗಿಲಿನಿಂದ ಸುಳ್ಳೂ ನುಗ್ಗುತ್ತದೆ. ಬ್ರಿಟನ್ನಿನಲ್ಲೂ 1988ರದ್ದೇ ಒಂದು ಕಾಯ್ದೆ ಇದೆ, ಅಲ್ಲಿಯೂ ಗಾಡಿ ಇಟ್ಟುಕೊಂಡವನು ಓಡಿಸಿದವನ ಹೆಸರು ಹೇಳಬೇಕು. ಅಲ್ಲಿ ಮಂತ್ರಿಯಾಗಿದ್ದ ಕ್ರಿಸ್ ಹ್ಯೂನ್ ಎಂಬಾತ 2003ರಲ್ಲಿ ವೇಗದ ಕ್ಯಾಮೆರಾಕ್ಕೆ ಸಿಕ್ಕಿ, ಓಡಿಸಿದ್ದು ನನ್ನ ಹೆಂಡತಿ ಅಂತ ಬರೆಸಿದ. ಹತ್ತು ವರ್ಷದ ಮೇಲೆ, 2013ರಲ್ಲಿ, ಇಬ್ಬರಿಗೂ ಎಂಟೆಂಟು ತಿಂಗಳ ಜೈಲಾಯಿತು. ನಮ್ಮಲ್ಲಿ ಹೆಂಡತಿ ಯಾಕೆ, ಡ್ರೈವರ್ ಇದ್ದಾನಲ್ಲ. 2024ರ ಮೇ 19ರಂದು ಪುಣೆಯಲ್ಲಿ ಶ್ರೀಮಂತರ ಮನೆಯ 17ರ ಹುಡುಗ ಓಡಿಸುತ್ತಿದ್ದನೆನ್ನಲಾದ ಕಾರು ಬಡಿದು ಬೈಕಿನಲ್ಲಿದ್ದ ಇಬ್ಬರು ಯುವ ಇಂಜಿನಿಯರುಗಳು ಸತ್ತರು. ಓಡಿಸಿದ್ದು ನಾನೇ ಎಂದು ಒಪ್ಪಿಕೊಳ್ಳುವಂತೆ ಮನೆಯ ಡ್ರೈವರನನ್ನು ಕೂಡಿಹಾಕಿ ಒತ್ತಾಯಿಸಿದರೆಂಬ ಆರೋಪದ ಮೇಲೆ ಹುಡುಗನ ತಂದೆ ಮತ್ತು ಅಜ್ಜನ ಮೇಲೆ ಪೊಲೀಸರು ಕೇಸು ಹಾಕಬೇಕಾಯಿತು.

1974ರಲ್ಲಿ ಉಳುವವನೇ ಹೊಲದೊಡೆಯ ಅಂದ ನಾಡು ಇದು. ಗಾಡಿಯ ವಿಷಯಕ್ಕೆ ಬಂದಾಗ ಓಡಿಸುವವನು ಗಾಡಿಯ ಒಡೆಯನಾಗುವುದಿಲ್ಲ, ದಂಡದ ಒಡೆಯ ಮಾತ್ರ ಆಗುತ್ತಾನೆ. ಗೆಳೆಯರೇ, ಆದ್ದರಿಂದ ಡ್ರೈವರ್ ಅಣ್ಣ ಮಾಡದ ತಪ್ಪಿಗೆ ಸಹಿ ಹಾಕುವ ಮೊದಲು ಅವನ ಪಕ್ಕ ನಿಂತು ಕಾಗದ ಓದುವ ಕೆಲಸ ನಮ್ಮದು. ಆದರೆ ನಾವೇ ಮಾಡಿದ ತಪ್ಪನ್ನು ಅಪ್ಪನ ಹೆಬ್ಬೆಟ್ಟಿನ ಕೆಳಗೆ ಬಚ್ಚಿಟ್ಟುಕೊಂಡು ಟಿಪ್ಪರ್ ಮಾಲೀಕನಿಗೆ ಯಾವ ಬಾಯಲ್ಲಿ ಕೇಳೋಣ?

ಈಗ ನಮ್ಮ ಕೋಣೆಯ ಮೊಳೆಯಲ್ಲಿ ಕೀಲಿಯ ಜೊತೆ ಒಂದು ನೂರು ಪುಟದ ನೋಟ್‌ಬುಕ್ಕೂ ನೇತಾಡುತ್ತಿದೆ. ಕೀಲಿ ಮುಟ್ಟಿದವನು ಹೆಸರು, ತಾರೀಕು, ಹೋದ ಹೊತ್ತು, ಬಂದ ಹೊತ್ತು ಬರೆಯಬೇಕು. ಲೈಸೆನ್ಸ್ ಇಲ್ಲದವನಿಗೆ ಕೀಲಿ ಇಲ್ಲ. ಚಂದಾ ಎತ್ತಿ ಒಂದು ಹೆಲ್ಮೆಟ್ ತಂದಿದ್ದೇವೆ, ಹನ್ನೊಂದು ತಲೆಗೂ ಅದೊಂದೇ, ಕೆಲವರಿಗೆ ಕಣ್ಣು ಮುಚ್ಚುತ್ತದೆ, ಹಿಂದೆ ಕೂರುವವನಿಗೆ ಇನ್ನೂ ಇಲ್ಲ. ಅಪ್ಪ ಗೂಡಿನ ಮಾಲೀಕನಿಗೆ ಕೊಡಬೇಕಾದ 2000ದಲ್ಲಿ ನನ್ನ 1000ವನ್ನು ಎರಡು ಕಂತಿನಲ್ಲಿ ಊರಿಗೆ ಕಳಿಸಿದ್ದೇನೆ. ಉಳಿದ ಎರಡು ಚಿತ್ರದಲ್ಲಿ ನೀಲಿ ಅಂಗಿ ಒಂದಿದೆ, ಬನಿಯನ್ ಒಂದಿದೆ. ಆ ಇಬ್ಬರೂ ಇದನ್ನು ಓದುತ್ತಾರೆ ಅಂತ ನನಗೆ ಗೊತ್ತು. ನೋಟ್‌ಬುಕ್ಕಿನ ಮೊದಲ ಪುಟ ಅವರಿಗಾಗಿ ಖಾಲಿ ಬಿಟ್ಟಿದ್ದೇವೆ.