ಕೊಳಚೆನೀರಿನ ಪಂಪುಗಳೂ ಕೆರೆಯ ನೀರೂ

ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಎರಡು ಹಂತಗಳಲ್ಲಿ ಶುದ್ಧಿಮಾಡಿದ ಕೊಳಚೆನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಸಾಗಿಸುವ ಕಾರ್ಯವು 2018ನೆಯ ಇಸವಿಯಲ್ಲಿ ಆರಂಭವಾಯಿತು. ದಿನವೊಂದಕ್ಕೆ 440 ದಶಲಕ್ಷ ಲೀಟರು ನೀರನ್ನು ಮೇಲೆತ್ತುವುದು ಯೋಜನೆಯ ಗುರಿ. ಇಂತಹ ಏರ್ಪಾಟನ್ನು ಕಂಡ ರೈತರು ದೊಡ್ಡ ಪಂಪುಗಳ ಅಶ್ವಶಕ್ತಿಯನ್ನು ಹೊಗಳುವುದು ಸಹಜವೇ ಸರಿ. ಆದರೆ ಪಂಪು ನೀರನ್ನು ಎತ್ತಬಲ್ಲುದೇ ಹೊರತು ತೊಳೆಯಲಾರದು. ಕೆರೆಗೆ ಬರುವ ನೀರಿನ ಗುಣವು ಶುದ್ಧೀಕರಣದ ಸ್ಥಳದಲ್ಲಿ ಮರೆಯಾಗಿ ದುಡಿಯುವ ಬೇರೆ ಪಂಪುಗಳನ್ನು ಹೆಚ್ಚಾಗಿ ಅವಲಂಬಿಸಿದೆ.

ತೋಟದ ಬಾವಿಯಲ್ಲಿರುವಂತಹ ಸೆಂಟ್ರಿಫ್ಯುಗಲ್ ಪಂಪಿನಲ್ಲಿ ಚಕ್ರವು ವೇಗವಾಗಿ ತಿರುಗಿ ನೀರನ್ನು ಹೊರಕ್ಕೆಸೆಯುತ್ತದೆ. ಆ ವೇಗವೇ ಒತ್ತಡವಾಗಿ ಮಾರ್ಪಡುತ್ತದೆ. ತಿಳಿನೀರಿಗೆ ಇದಕ್ಕಿಂತ ಅನುಕೂಲವಾದುದು ವಿರಳ. ಹಸಿಕೊಳಚೆಗಾದರೋ, ಚಿಂದಿಬಟ್ಟೆ ನಾರುಗಳು ಸಿಕ್ಕಿಕೊಳ್ಳದಂತೆ ಅಗಲವಾದ ಹಾದಿಯುಳ್ಳ ಚಕ್ರವೇ ಬೇಕು.

ಸಾಮಾನ್ಯ ಪದ್ಧತಿಯಲ್ಲಿ ಗಾಳಿಯೂದುವ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಕಲ್ಮಷವನ್ನು ತಿಂದು ಮೆತ್ತನೆಯ ಗರಣೆಗಳಾಗಿ ಕೂಡಿಕೊಳ್ಳುತ್ತವೆ. ಇವು ಮುಂದಿನ ತೊಟ್ಟಿಯ ತಳದಲ್ಲಿ ಕುಳಿತ ಮೇಲೆ, ಬಹುಭಾಗವನ್ನು ಗಾಳಿತೊಟ್ಟಿಗೆ ಹಿಂತಿರುಗಿಸಬೇಕು. ಅತಿವೇಗದ ಚಕ್ರಕ್ಕೆ ಸಿಕ್ಕಿದರೆ ಗರಣೆಗಳು ಒಡೆದು, ನುಣ್ಣನೆಯ ಕಣಗಳು ಕೆಳಗೆ ಕೂರದೆ ನೀರಿನೊಡನೆ ಹೊರಟುಹೋಗುವುವು. ಆದಕಾರಣ ಇಲ್ಲಿ ನಿಧಾನವಾಗಿ ತಿರುಗುವ ಆರ್ಕಿಮಿಡೀಸನ ತಿರುಪು ಪಂಪು ಬಹಳ ಉಪಯುಕ್ತ. ಅದು ಹೆಚ್ಚು ಎತ್ತರಕ್ಕೆ ಏರಿಸದಿದ್ದರೂ ಹೆಚ್ಚು ಪ್ರಮಾಣವನ್ನು ಮೆಲ್ಲನೆ ಎತ್ತುತ್ತದೆ. ಉಳಿದ ಗಟ್ಟಿ ರೊಚ್ಚಿಗೆ ರಬ್ಬರಿನ ಕೋಶದೊಳಗೆ ಸುರುಳಿದಂಡವು ತಿರುಗುವ ಪಂಪು ತಕ್ಕುದು. ಆದರೆ ದ್ರವವಿಲ್ಲದೆ ಬರಿದೆ ಓಡಿಸಿದರೆ ರಬ್ಬರು ಬಹುಬೇಗ ಸುಟ್ಟುಹೋಗುತ್ತದೆ.

ಈ ರೊಚ್ಚಿನ ಪಂಪುಗಳು ಕೆಟ್ಟು ನಿಂತರೆ ತೊಟ್ಟಿಯ ತಳದ ರೊಚ್ಚು ಮೇಲೆದ್ದು ಹರಿಯುವ ನೀರನ್ನು ಸೇರುವುದು. ಆಗಲೂ ದೊಡ್ಡ ಪಂಪುಗಳು ತಮ್ಮ ಕೆಲಸವನ್ನು ನಿಲ್ಲಿಸುವುದಿಲ್ಲ. ಕೆಟ್ಟ ನೀರನ್ನೇ ಅಷ್ಟೇ ನಿಷ್ಠೆಯಿಂದ ಸಾಗಿಸುವುವು. ಅದರ ಫಲವನ್ನು ಉಣ್ಣುವವನು ಕೆರೆಯಂಚಿನ ರೈತ. ಕೆರೆಯಿಂದ ನೆಲದೊಳಕ್ಕೆ ಇಂಗುವ ನೀರು ಅವನ ಬಾವಿಗೂ ಸೇರುವುದಷ್ಟೆ.

ಆದುದರಿಂದ ಇಂತಹ ಯೋಜನೆಗಳನ್ನು ಎಷ್ಟು ನೀರು ಬಂತೆಂಬ ಒಂದೇ ಲೆಕ್ಕದಿಂದ ಅಳೆಯುವುದು ಸಾಲದು. ಪ್ರತಿಯೊಂದು ರೊಚ್ಚಿನ ಪಂಪಿಗೂ ಬದಲಿ ಪಂಪು, ಬಿಡಿಭಾಗಗಳು ಸಿದ್ಧವಿರಬೇಕು. ಪಂಪು ನಿಂತ ಗಂಟೆಗಳ ದಾಖಲೆಯೂ ನೀರಿನ ಪರೀಕ್ಷೆಯ ಫಲಿತಾಂಶವೂ ಗ್ರಾಮ ಪಂಚಾಯಿತಿಗೆ ತಲಪತಕ್ಕದ್ದು. ಬರಗಾಲದ ಸೀಮೆಗೆ ನೀರು ಬೇಕೆಂಬುದು ನಿಜ. ಆದರೆ ಎಂತಹ ನೀರೆಂದು ಕೇಳುವ ಹಕ್ಕನ್ನು ಬಾಯಾರಿಕೆಯು ಕಸಿದುಕೊಳ್ಳಬಾರದು.