ಜಾಲದ ಆಕರಗಳೂ ಮುಂಬಯಿ ಕನ್ನಡ ಸಂಶೋಧನೆಯೂ

ಕಲ್ಯಾಣ, ಡೊಂಬಿವಲಿ, ಥಾಣೆ, ನವಿಮುಂಬಯಿಗಳಲ್ಲಿ ನೆಲೆಸಿ ಕನ್ನಡದಲ್ಲಿ ಎಂ.ಎ., ಪಿಎಚ್.ಡಿ. ಅಧ್ಯಯನ ಕೈಗೊಳ್ಳುವವರಲ್ಲಿ ಅನೇಕರು ಉದ್ಯೋಗಸ್ಥರು, ಗೃಹಿಣಿಯರು. ದಿನದ ದುಡಿಮೆಯನ್ನೂ ಲೋಕಲ್ ರೈಲಿನ ನೂಕುನುಗ್ಗಲನ್ನೂ ದಾಟಿ ಅವರು ಕಲೀನಾದ ವಿದ್ಯಾನಗರಿಯನ್ನು ಮುಟ್ಟುವ ವೇಳೆಗೆ ಗ್ರಂಥಾಲಯದಲ್ಲಿ ಕೂತು ಓದುವ ಚೈತನ್ಯ ಉಳಿದಿರುವುದಿಲ್ಲ. ಇನ್ನು ಒಂದು ಆಕರಗ್ರಂಥಕ್ಕಾಗಿ ಧಾರವಾಡಕ್ಕೋ ಹಂಪಿಗೋ ಹೋಗಬೇಕೆಂದರೆ ರಜೆಯೂ ಹಣವೂ ಕೂಡಿಬರಬೇಕು. ಇಂಥವರ ಪಾಲಿಗೆ ಅಂತರ್ಜಾಲದ ಸಂಶೋಧನ ಆಕರಕೋಶಗಳು ಅನುಕೂಲವಲ್ಲ, ಅನಿವಾರ್ಯ. ಹೀಗಿದ್ದೂ ಅವುಗಳ ಬಳಕೆಯನ್ನು ಪಾಠದ ಭಾಗವಾಗಿ ಕಲಿಸುವ ಅಧ್ಯಾಪಕರು ವಿರಳ. ಜಾಲವೆಂದರೆ ನಕಲಿನ ದಾರಿಯೆಂಬ ಗುಮಾನಿ ಇದಕ್ಕೆ ಒಂದು ಕಾರಣ. ನಕಲು ಮಾಡುವವರು ಮುದ್ರಿತ ಪುಸ್ತಕದಿಂದಲೂ ಮಾಡಿದ್ದಾರೆಂಬುದನ್ನು ಈ ಗುಮಾನಿ ಮರೆಯುತ್ತದೆ.

ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರ ನಿಯಮಾವಳಿಯಲ್ಲಿ ಪಿಎಚ್.ಡಿ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ವಿಧಿಸಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ಅಂಥ ಪ್ರಬಂಧಗಳ ಭಂಡಾರ. ವಿಷಯವನ್ನು ಆಯ್ದುಕೊಳ್ಳುವ ಮುನ್ನ ನಾಲ್ಕು ಸಂಜೆಗಳನ್ನು ಅಲ್ಲಿ ಕಳೆದರೆ, ಆಗಲೇ ಆಗಿಹೋದ ಕೆಲಸಕ್ಕೆ ಮತ್ತೆ ನಾಲ್ಕು ವರ್ಷ ತೆರುವುದು ತಪ್ಪುತ್ತದೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳೂ 1894ರ ಕಿಟ್ಟೆಲ್ ಕೋಶವೂ ‘ಇಂಟರ್ನೆಟ್ ಆರ್ಕೈವ್’ನಲ್ಲಿ ಉಚಿತವಾಗಿ ದೊರೆಯುತ್ತವೆ. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶವನ್ನು ಷಿಕಾಗೊ ವಿಶ್ವವಿದ್ಯಾಲಯದ ತಾಣದಲ್ಲಿ ಪದ ಹಿಡಿದು ಹುಡುಕಬಹುದು. 2025ರ ಜನವರಿಯಲ್ಲಿ ಆರಂಭವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕಗಳನ್ನು ತೆರೆದಿದೆ. ಅವು ಬಹುಪಾಲು ಇಂಗ್ಲಿಷಿನವು. ಭಾಷಾವಿಜ್ಞಾನ, ಜಾನಪದದ ವಿದ್ಯಾರ್ಥಿಗೆ ಆದರೂ ಉಪಯುಕ್ತ.

ಕಷ್ಟ ಆರಂಭವಾಗುವುದು ಹುಡುಕುವಲ್ಲಿ. ಯಶವಂತ ಚಿತ್ತಾಲರ ಹೆಸರನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯಬಲ್ಲರು. ವ್ಯಾಸರಾಯ ಬಲ್ಲಾಳರ ಹೆಸರಿನದೂ ಅದೇ ಪಾಡು. ಒಂದೇ ಕಾಗುಣಿತವನ್ನು ನಂಬಿ ಹುಡುಕುವವನಿಗೆ ಅರ್ಧದಷ್ಟು ಸಾಮಗ್ರಿಯೂ ಕಾಣದೆ ಹೋಗಬಹುದು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಪ್ರಬಂಧಗಳದು ಬೇರೆಯೇ ಸಮಸ್ಯೆ. ತೆರೆಯ ಮೇಲೆ ಕನ್ನಡವಾಗಿಯೇ ಕಾಣುವ ಆ ಪುಟಗಳು ಗಣಕಕ್ಕೆ ಬರಿಯ ರೋಮನ್ ಚಿಹ್ನೆಗಳ ರಾಶಿ. ಯೂನಿಕೋಡಿನಲ್ಲಿ ಕೊಟ್ಟ ಶೋಧಪದಕ್ಕೆ ಅವು ಓಗೊಡುವುದಿಲ್ಲ. ಹಳೆಯ ಮುದ್ರಣದ ಪಡಿಯಚ್ಚುಗಳಲ್ಲಿ ಒತ್ತಕ್ಷರಗಳನ್ನು ಯಂತ್ರ ತಪ್ಪಾಗಿ ಓದುವುದೂ ಉಂಟು. ಆದ್ದರಿಂದ ಶೋಧದಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ, ಪ್ರಸ್ತಾವನೆಯಲ್ಲಿ ‘ಈ ಕ್ಷೇತ್ರದಲ್ಲಿ ಯಾರೂ ಕೆಲಸ ಮಾಡಿಲ್ಲ’ ಎಂದು ಬರೆಯುವ ಧೈರ್ಯ ಮಾಡಬಾರದು. (ಜಾಲ ಬರುವುದಕ್ಕೆ ಮೊದಲೂ ಆ ವಾಕ್ಯ ಧಾರಾಳವಾಗಿಯೇ ಬಳಕೆಯಲ್ಲಿತ್ತು.) ಕಾಗುಣಿತದ ಪರ್ಯಾಯಗಳ ಪಟ್ಟಿ ಮಾಡಿಕೊಳ್ಳುವುದು, ಮಾರ್ಗದರ್ಶಕರ ಹೆಸರಿನಿಂದ ಹುಡುಕುವುದು, ಸಿಕ್ಕ ಪ್ರಬಂಧದ ಗ್ರಂಥಸೂಚಿಯಿಂದ ಮುಂದಿನದಕ್ಕೆ ಸಾಗುವುದು, ಉದ್ಧರಿಸುವ ಮುನ್ನ ಮೂಲಪುಟದ ಚಿತ್ರವನ್ನು ನೋಡುವುದು: ಇವನ್ನು ಅಧ್ಯಾಪಕರು ಎದುರಿಗೆ ಕೂತು ಮಾಡಿ ತೋರಿಸಬೇಕು. ಅದಕ್ಕೆ ಅವರು ಸ್ವತಃ ಕಲಿಯಬೇಕಾದೀತು; ವಿದ್ಯಾರ್ಥಿಯಿಂದಲೇ ಕಲಿತರೂ ಕುಂದೇನಿಲ್ಲ.

ಆದರೆ ಮುಂಬಯಿ ಕನ್ನಡವನ್ನೇ ಅಭ್ಯಸಿಸುವವನಿಗೆ ಜಾಲವೂ ಬಹಳ ಬೇಗ ಬರಿದಾಗುತ್ತದೆ. ‘ಶಿಕಾರಿ’, ‘ಬಂಡಾಯ’ ಕಾದಂಬರಿಗಳ ಬಗೆಗೆ ವಿಮರ್ಶೆ ಸಿಕ್ಕೀತು. ಇಲ್ಲಿಯ ಕನ್ನಡ ಸಂಘಗಳ ಸ್ಮರಣಸಂಚಿಕೆಗಳು, ‘ಮೊಗವೀರ’, ‘ನೇಸರು’, ‘ಅಕ್ಷಯ’ದಂಥ ಪತ್ರಿಕೆಗಳ ಹಳೆಯ ಸಂಚಿಕೆಗಳು, ರಾತ್ರಿಶಾಲೆಗಳ ವರದಿಗಳು, ನಾಟಕದ ಕರಪತ್ರಗಳು ಬೇಕಾದರೆ ಇಂದಿಗೂ ಕಪಾಟುಗಳನ್ನೇ ತೆರೆಯಬೇಕು. 2005ರ ಜುಲೈ 26ರ ಮಳೆಗೆ ಕಲ್ಯಾಣದ ಮನೆಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ, ನೆಲಮಹಡಿಯ ಕಪಾಟಿನಲ್ಲಿರುವ ಏಕೈಕ ಪ್ರತಿಯ ಆಯುಷ್ಯವೆಷ್ಟೆಂದು ವಿವರಿಸಬೇಕಾಗಿಲ್ಲ.

ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧದ ಜೊತೆಗೆ, ತಮ್ಮ ಊರಿನ ಸಂಘದ ಅನುಮತಿ ಪಡೆದು ಒಂದು ಹಳೆಯ ಸಂಚಿಕೆಯನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ, ಲೇಖಕ, ಶೀರ್ಷಿಕೆ, ವರ್ಷಗಳನ್ನು ಕನ್ನಡದಲ್ಲೂ ರೋಮನಿನಲ್ಲೂ ದಾಖಲಿಸಿ ವಿಭಾಗಕ್ಕೆ ಒಪ್ಪಿಸುವ ಕೆಲಸವನ್ನೂ ಸೇರಿಸಬಹುದು. ಡೊಂಬಿವಲಿಯ ವಿದ್ಯಾರ್ಥಿ ಡೊಂಬಿವಲಿಯದನ್ನು, ವಾಶಿಯವರು ವಾಶಿಯದನ್ನು ಮಾಡಿದರೆ ಸಾಕು. ಮೊದಲ ಸಂಚಿಕೆಯ ಆಯ್ಕೆಗೆ ಬರುವ ಮಳೆಗಾಲದವರೆಗೆ ಕಾಯುವ ಅಗತ್ಯವಿಲ್ಲ.